ತಿಂದರೂ ಬೆಳೆಯದ ಮೀನು

"ಸರ್, ಮೀನ ತಿಂತಾವ್ರೀ, ಆದ್ರ ಬೆಳಿಯಂಗಿಲ್ರೀ." ಬೀದರ್ ಕಡೆಯ ರೈತರೊಬ್ಬರು ತಮ್ಮ ಕೃಷಿ ಹೊಂಡದ ದಂಡೆಯ ಮೇಲೆ ನಿಂತು ಹೀಗೆಂದರು. ಶೇಂಗಾ ಹಿಂಡಿ ತುಟ್ಟಿಯಾಯಿತೆಂದು ಹೊಲದ ಸೋಯಾ ಕಾಳನ್ನೇ ಗಿರಣಿಗೆ ಹಾಕಿಸಿ, ತೌಡಿನ ಜೊತೆ ಕಲಸಿ ಹಾಕುತ್ತಿದ್ದರು. ಚೀಲದಿಂದ ಚಿಟಿಕೆ ಹಿಟ್ಟು ತೆಗೆದು ನಾಲಿಗೆಗೆ ಹಚ್ಚಿಕೊಂಡೆ. ಹಸಿ ಹಸಿ ವಾಸನೆ, ಒಗರು. ಕಾಳನ್ನು ಹುರಿದಿರಲಿಲ್ಲ, ಬೇಯಿಸಿಯೂ ಇರಲಿಲ್ಲ.

ಪ್ರೋಟೀನನ್ನು ಒಡೆಯುವುದು ಟ್ರಿಪ್ಸಿನ್ ಎಂಬ ಜೀರ್ಣರಸ. ಹಸಿ ಸೋಯಾದಲ್ಲಿ ಅದರ ಕೈ ಕಟ್ಟಿಹಾಕುವ ಅಂಶವಿದೆ. ಹಾಗಾಗಿ ತಿಂದ ಪ್ರೋಟೀನ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬಿಸಿ ತಾಗಿದರೆ ಆ ಅಂಶ ಸಾಯುತ್ತದೆ. ಕಾರ್ಖಾನೆಯ ಸೋಯಾ ಹಿಂಡಿಯನ್ನು ಎಣ್ಣೆ ತೆಗೆದ ಮೇಲೆ ಆವಿಯಲ್ಲಿ ಬಿಸಿ ಮಾಡಿರುತ್ತಾರೆ, ಅದಕ್ಕೆ ಈ ಕಾಟ ಕಡಿಮೆ.

ಸಾಲ್ಮನ್ ಸಾಕುವ ದೇಶಗಳಲ್ಲಿ ಸಸ್ಯ ಪ್ರೋಟೀನ್ ಎಂದರೆ ಮೀನುಪುಡಿಗೆ ಬದಲಿ. ನಮ್ಮ ಕಾಟ್ಲಾ, ರೋಹು, ಮೃಗಾಲ್‌ಗಳು ಹಿಂಡಿ, ತೌಡು ತಿಂದೇ ಬೆಳೆದವು. ಉಳ್ಳಾಲ, ಮಲ್ಪೆಯ ಕಡೆ ಬೂತಾಯಿ ಮೀನಿನಿಂದ ಮಾಡುವ ಪುಡಿಯನ್ನು ಕೆರೆಗೆ ಸುರಿಯುವಷ್ಟು ದುಡ್ಡು ಇಲ್ಲಿ ಯಾರ ಹತ್ತಿರವೂ ಇಲ್ಲ. ನಮ್ಮ ತಲೆನೋವು ಶೇಂಗಾ ಹಿಂಡಿಗೆ ಬದಲಿ ಯಾವುದು ಎಂಬುದು.

ಶೇಂಗಾ ಹಿಂಡಿಯಲ್ಲಿ ಸುಮಾರು ಶೇ 44, ತೌಡಿನಲ್ಲಿ ಶೇ 12 ಪ್ರೋಟೀನ್. ಸಮಸಮ ಬೆರೆಸಿದರೆ 28. ಶೇ 46ರ ಸೋಯಾ ಹಿಂಡಿಯಾದರೆ ಅದೇ 28 ಬರಲು 100 ಕಿಲೋ ಮಿಶ್ರಣಕ್ಕೆ 47 ಕಿಲೋ ಸಾಕು, ಉಳಿದದ್ದು ತೌಡು. ಲೆಕ್ಕ ಇಷ್ಟೇ ಆಗಿದ್ದರೆ ನಾನು ಅಲ್ಲಿಗೆ ಹೋಗಬೇಕಾಗಿರಲಿಲ್ಲ.

ಮನೆಯಲ್ಲಿ ರೋಹು ಕೊಯ್ಯುವಾಗ ನೋಡಿ: ಉದ್ದದ ಕರುಳು ಸುರುಳಿ ಸುರುಳಿಯಾಗಿ ಬರುತ್ತದೆ, ಜಠರದ ಚೀಲ ಕಾಣುವುದಿಲ್ಲ. ಬೇರೆ ಮೀನು ತಿನ್ನುವ ಮುರ್ರೆಲ್‌ಗೆ ಅದು ಇದೆ, ರೋಹು, ಕಾಟ್ಲಾಗಳಂಥ ಗೆಂಡೆ ಜಾತಿಗೆ ಇಲ್ಲ. ಜಠರವಿಲ್ಲ ಎಂದರೆ ಆಮ್ಲವೂ ಇಲ್ಲ. ಕಾಳು, ಹಿಂಡಿಗಳಲ್ಲಿರುವ ರಂಜಕದ ಮೂರನೇ ಎರಡು ಪಾಲು ಫೈಟೇಟ್ ರೂಪದಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ, ಗೆಂಡೆಗೆ ಅದನ್ನು ಬಿಡಿಸಿಕೊಳ್ಳಲಾಗದು, ಮಲದಲ್ಲಿ ಹಾಗೇ ಹೊರಬೀಳುತ್ತದೆ. ಮೀನಿನ ಮೂಳೆಗೆ ರಂಜಕದ ಕೊರತೆ, ಹೊಂಡದ ನೀರಿಗೆ ರಂಜಕದ ಗೊಬ್ಬರ! ನೀರು ಹಸಿರುಗಟ್ಟಿ, ಆಮ್ಲಜನಕ ಸಾಲದೆ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುವುದಕ್ಕೆ ಇದೂ ಒಂದು ಕಾರಣ. 100 ಕಿಲೋ ಮಿಶ್ರಣಕ್ಕೆ ಒಂದೆರಡು ಕಿಲೋ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್, ರಂಜಕದ ಪುಡಿ) ಸೇರಿಸಿ ಎಂದರೆ "ಅದು ದನಕ್ಕಲ್ವಾ?" ಎನ್ನುವವರೇ ಹೆಚ್ಚು. ಮೀನಿಗೂ ಹೌದು.

ಪ್ರೋಟೀನಿನ ಇಟ್ಟಿಗೆಗಳಾದ ಅಮೈನೊ ಆಮ್ಲಗಳಲ್ಲಿ ಸೋಯಾಗೆ ಮೆಥಿಯೊನಿನ್ ಕಡಿಮೆ, ಲೈಸಿನ್ ಚೆನ್ನಾಗಿದೆ. ಎಳ್ಳಿನ ಹಿಂಡಿಯದು ತದ್ವಿರುದ್ಧ. ಸಿಕ್ಕ ಕಡೆ ಸ್ವಲ್ಪ ಎಳ್ಳಿನ ಹಿಂಡಿ ಬೆರೆಸಿ. ಹತ್ತಿಬೀಜದ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದೆ, ಕೈ ಬಿಗಿಹಿಡಿದು ಬಳಸಿ. ನೀರ ಮೇಲೆ ತೇಲಿ ಬೆಳೆಯುವ ಪುಟ್ಟ ಸಸ್ಯ ಅಜೋಲಾ ಬಗ್ಗೆ ಉತ್ಸಾಹ ಜಾಸ್ತಿ, ಆದರೆ ಹಸಿ ಅಜೋಲಾದಲ್ಲಿ ನೀರೇ ಶೇ 94ರಷ್ಟು. 10 ಕಿಲೋ ಹಾಕಿದರೆ ಸಿಗುವ ಪ್ರೋಟೀನ್ ಸುಮಾರು 140 ಗ್ರಾಂ, ಕಿಲೋದ ಮೂರನೇ ಒಂದು ಪಾಲು ಶೇಂಗಾ ಹಿಂಡಿಯಲ್ಲಿ ಇರುವಷ್ಟು. ಸೊಪ್ಪು ತಿನ್ನುವ ಹುಲ್ಲುಗೆಂಡೆ ಹೊಂಡದಲ್ಲಿದ್ದರೆ ಅಜೋಲಾ ಬೆಳೆಸಿ. ಹಿಪ್ಪೆ ಹಿಂಡಿಯನ್ನು ಮಾತ್ರ ಹಿಂಡಿ ಎಂಬ ಹೆಸರು ನೋಡಿ ಹಾಕಿಬಿಡಬೇಡಿ. ಮರಿ ಬಿಡುವ ಮುಂಚೆ ಕೆರೆಯ ಕಳೆಮೀನು ಕೊಲ್ಲುವುದಕ್ಕೆ ಬಳಸುವುದು ಅದನ್ನೇ.

ಹಾಗೆಂದು ಶೇಂಗಾ ಹಿಂಡಿಯೇ ಸುರಕ್ಷಿತ ಎಂದುಕೊಳ್ಳಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದ. ಆ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಪತ್ತೆಯಾದದ್ದೇ ಆಗ. ಮಳೆಗಾಲದಲ್ಲಿ ಮೂಟೆಗಳನ್ನು ನೆಲಕ್ಕೆ ತಾಗಿಸದೆ, ಗೋಡೆಗೆ ಒರಗಿಸದೆ ಇಡಿ.

ಬೀದರಿನ ರೈತರಿಗೆ ಕಾಳನ್ನು ರಾತ್ರಿ ನೆನೆಸಿ, ಅರ್ಧ ಗಂಟೆ ಕುದಿಸಿ, ಒಣಗಿಸಿ ಬೀಸಿಸಿ ಎಂದೆ. ಅಷ್ಟು ಕಾಳು ಯಾವ ಪಾತ್ರೆಯಲ್ಲಿ ಎಂದು ನಾನು ಯೋಚಿಸುತ್ತಿರುವಾಗಲೇ ಅವರು ಮಗನಿಗೆ ಕೂಗಿ ಹೇಳಿದರು: "ಗಾಣದ ಮನಿ ಬೆಲ್ಲದ ಕೊಪ್ಪರಗಿ ತೊಳಿಯೋ!"