ಹಂದಿಯ ನೆಣದಲ್ಲಿ ದಕ್ಕೆಯ ವಾಸನೆ

ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ಊಟ ಚೆನ್ನಾಗಿಯೇ ಇತ್ತಂತೆ. ಮರುದಿನ ಉಳಿದ ಹಂದಿಮಾಂಸದ ಬಫಾತ್ ಬಿಸಿಗಿಟ್ಟಾಗ ಅಡುಗೆಮನೆಯೆಲ್ಲ ಮೀನಿನ ವಾಸನೆ. ಮನೆಯವರು ಮಾಂಸದಂಗಡಿಯವನನ್ನು ಬೈದರು, ಅಂಗಡಿಯವನು ಹಂದಿ ಸಾಕಿದವರನ್ನು ಬೈದ, ಸಾಕಿದವರು ನನಗೆ ಫೋನ್ ಮಾಡಿದರು. "ಡಾಕ್ಟರೇ, ಹಂದಿಗೆ ಏನಾದರೂ ರೋಗವೇ?" ರೋಗವೇನೂ ಇಲ್ಲ ಮಾರಾಯರೇ. ಕೊನೆಯ ಎರಡು ತಿಂಗಳು ನೀವು ಹಾಕಿದ ಬೂತಾಯಿ ಮೀನು ಅದು.

ಇಂತಹ ಫೋನ್ ವರ್ಷಕ್ಕೆ ಏಳೆಂಟು ಬರುತ್ತವೆ. ನಮ್ಮ ಕರಾವಳಿಯಲ್ಲಿ ಹಂದಿ ಸಾಕುವವರಿಗೆ ಹೋಟೆಲಿನ ಮುಸುರೆಯೂ, ದೋಣಿಗಳು ಮೀನು ಇಳಿಸುವ ದಕ್ಕೆಯಿಂದ ಮೀನಿನ ತಲೆ, ಕರುಳುಗಳೂ ಅಗ್ಗದಲ್ಲಿ ಸಿಗುತ್ತವೆ. ಅವನ್ನು ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಕೇಳುವವರೂ ಇಲ್ಲ. ಯಾವಾಗ ಹಾಕುತ್ತೀರಿ ಎಂಬುದಷ್ಟೇ ನನ್ನ ತಕರಾರು.

ಹಸು ತಿಂದ ಎಣ್ಣೆಯಂಶವನ್ನು ಅದರ ದೊಡ್ಡಹೊಟ್ಟೆಯ ಸೂಕ್ಷ್ಮಾಣುಗಳು ಬಹಳಷ್ಟು ಬದಲಾಯಿಸಿಬಿಡುತ್ತವೆ. ಹಂದಿಗೆ ಆ ಸೌಕರ್ಯವಿಲ್ಲ, ಅದಕ್ಕಿರುವುದು ನಮ್ಮ ಹಾಗೆ ಒಂದೇ ಹೊಟ್ಟೆ. ತಿಂದ ಎಣ್ಣೆ ಹೆಚ್ಚು ಕಡಿಮೆ ಇದ್ದ ಹಾಗೆಯೇ ನೆಣಕ್ಕೆ ಹೋಗಿ ಕೂರುತ್ತದೆ. ಮೀನಿನ ಎಣ್ಣೆ ಗಾಳಿ ತಾಗಿದರೆ ಬೇಗ ಕೆಡುವ ಜಾತಿಯದು. ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿದರೆ ಇನ್ನೂ ಬೇಗ. ಮೊದಲ ದಿನ ಮಸಾಲೆಯಲ್ಲಿ ಮುಚ್ಚಿಹೋದದ್ದು ಮರುದಿನ ಬಯಲಾಗುವುದು ಅದಕ್ಕೇ. ಅಕ್ಕಿ ನುಚ್ಚು, ಬೇಯಿಸಿದ ಮರಗೆಣಸು ತಿಂದ ಹಂದಿ ಆ ಪಿಷ್ಟದಿಂದ ತಾನೇ ನೆಣ ಕಟ್ಟಿಕೊಳ್ಳುತ್ತದೆ. ಅದು ಬಿಳಿ, ಗಟ್ಟಿ. ತೆಂಗಿನ ಹಿಂಡಿಯೂ ಈ ವಿಷಯದಲ್ಲಿ ಒಳ್ಳೆಯದೇ. ಎಣ್ಣೆ ತೆಗೆಯದ ತೌಡು ಅತಿಯಾದರೆ ಮಾತ್ರ ವಾಸನೆ ಬಾರದಿದ್ದರೂ ನೆಣ ಮೆತ್ತಗಾಗಿ, ಕತ್ತಿಗೆ ಅಂಟುತ್ತದೆ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಬರುವ ಪ್ರಶ್ನೆ: "ಹಾಗಾದರೆ ಕಡಿಯುವ ಎರಡು ದಿನ ಮೊದಲು ಮೀನು ನಿಲ್ಲಿಸಿದರೆ ಸಾಕಲ್ಲವೇ?" ಸಾಲದು. ಎರಡು ದಿನದಲ್ಲಿ ಖಾಲಿಯಾಗುವುದು ಕರುಳು, ನೆಣವಲ್ಲ. ತಿಂಗಳುಗಟ್ಟಲೆ ಕೂಡಿದ್ದು ಕರಗಿ, ಹೊಸದು ಸೇರಲು ವಾರಗಳು ಬೇಕು. ಕನಿಷ್ಠ ಆರು ವಾರ, ಸಾಧ್ಯವಾದರೆ ಎಂಟು ಎನ್ನುತ್ತೇನೆ. ತಳಿ, ವಯಸ್ಸು, ಮೊದಲು ಎಷ್ಟು ಮೀನು ಹಾಕಿದ್ದೀರಿ ಎಂಬುದರ ಮೇಲೆ ಇದು ಹೆಚ್ಚುಕಡಿಮೆಯಾಗಬಹುದು. ದಿನ ಎಣಿಸಿ ಖಾತರಿ ಕೊಡಲಾರೆ. ಆದರೆ ಎರಡು ದಿನ ಅಲ್ಲ, ಒಂದು ವಾರವೂ ಅಲ್ಲ.

ನಮ್ಮವರು ಮಾಡುವುದು ಸರಿಯಾಗಿ ಇದರ ತದ್ವಿರುದ್ಧ. ಮರಿಗಳಿಗೆ ಅಂಗಡಿಯಿಂದ ತಂದ ದುಬಾರಿ ಆಹಾರ. ಅರುವತ್ತು ಕಿಲೋ ದಾಟಿದ ಮೇಲೆ, ತೂಕ ಬರಲಿ ಎಂದು ಬುಟ್ಟಿಗಟ್ಟಲೆ ಮೀನು. ಎಳೆಯ ಹಂದಿ ಕಟ್ಟುವುದು ಮಾಂಸಖಂಡ, ಮೀನಿನ ಪ್ರೋಟೀನು ಬೇಕಾಗುವುದು ಆಗ. ಬೆಳೆದ ಹಂದಿ ದಿನದಿನಕ್ಕೆ ಹೆಚ್ಚಾಗಿ ಕಟ್ಟುವುದು ನೆಣ. ಹಾಗಾಗಿ ಕೊನೆಯ ಹೊತ್ತಿನಲ್ಲಿ ಹಾಕಿದ ಮೀನಿನ ಎಣ್ಣೆ ನೇರವಾಗಿ ಅಲ್ಲಿಗೇ ಹೋಗುತ್ತದೆ. ಮೀನು ನಿಲ್ಲಿಸಿದಾಗ ಸ್ವಲ್ಪ ಸೋಯಾ ಹಿಂಡಿಯನ್ನೂ ಖನಿಜ ಮಿಶ್ರಣವನ್ನೂ ಸೇರಿಸಿದರೆ ತೂಕಕ್ಕೆ ಹೇಳಿಕೊಳ್ಳುವಂತಹ ಪೆಟ್ಟು ಬೀಳುವುದನ್ನು ನಾನು ಕಂಡಿಲ್ಲ.

ನಂಬಿಕೆ ಬಾರದವರು ಕ್ಯಾಲೆಂಡರ್ ನೋಡಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ದಕ್ಕೆಯಲ್ಲಿ ತ್ಯಾಜ್ಯವೂ ಇರುವುದಿಲ್ಲ. ಆಗಸ್ಟ್ ಮೊದಲ ವಾರಗಳಲ್ಲಿ ಮಾರಿದ ಹಂದಿಯ ಬಗ್ಗೆ ನನಗೆ ಇಷ್ಟು ವರ್ಷಗಳಲ್ಲಿ ಒಂದೇ ಒಂದು ದೂರು ಬಂದಿದೆ. ಅವರು ಒಣಮೀನಿನ ಪುಡಿ ಹಾಕುತ್ತಿದ್ದರು.

"ಕುದಿಸಿಯೇ ಹಾಕುತ್ತೇವಲ್ಲ" ಎನ್ನುವವರಿದ್ದಾರೆ. ಕುದಿಸಲೇಬೇಕು. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ ಮೇಲಂತೂ ಮುಸುರೆಯನ್ನು ಕೈಯಾಡಿಸುತ್ತಾ ಒಂದು ಗಂಟೆ ಚೆನ್ನಾಗಿ ಕುದಿಸದೆ ಗೂಡಿಗೆ ತರಬಾರದು. ಕುದಿಸಿದರೆ ವೈರಸ್ ಸಾಯುತ್ತದೆ, ಎಣ್ಣೆ ಅಲ್ಲೇ ಇರುತ್ತದೆ.

ಮೊನ್ನೆ ಒಬ್ಬ ಹುಡುಗ ಮೊಬೈಲಿನಲ್ಲಿ ನ್ಯೂಟ್ರಿಯಾ ಎಂಬ ಪ್ರಾಣಿಯನ್ನು ತೋರಿಸಿದ. ದಕ್ಷಿಣ ಅಮೆರಿಕದ, ಕಿತ್ತಳೆ ಹಲ್ಲಿನ, ನೀರಿನಲ್ಲಿ ಈಜುವ, ಇಲಿ ಜಾತಿಯ ದೊಡ್ಡ ಪ್ರಾಣಿ. ತುಪ್ಪಳಕ್ಕೆಂದು ಬೇರೆ ಖಂಡಗಳಿಗೆ ಒಯ್ದು ಸಾಕಿದರು, ಮಾಂಸವನ್ನೂ ತಿನ್ನುತ್ತಾರೆ. "ಬರೀ ಹುಲ್ಲು, ಬೇರು ತಿನ್ನುತ್ತದೆ ಡಾಕ್ಟರೇ, ಅದಕ್ಕೇ ಮಾಂಸ ಮೊಲದ ಹಾಗೆ ಸಪೂರ, ಶುದ್ಧ. ತರಿಸಬಹುದಾ?" ಬೇಡ ಮಗನೇ ಎಂದೆ. ತಪ್ಪಿಸಿಕೊಂಡ ಕಡೆಯಲ್ಲೆಲ್ಲ ಅದು ದಂಡೆ ಕೊರೆದು, ಜೌಗು ನೆಲದ ಗಿಡ ಬೋಳಿಸಿದೆ; ಬ್ರಿಟನ್ನಿನವರು ಅದನ್ನು ನಿರ್ಮೂಲ ಮಾಡಲು 1981ರಿಂದ 1989ರವರೆಗೆ ಬಲೆ ಹಾಕಬೇಕಾಯಿತು. ನದಿ ನಡುವಿನ ನಮ್ಮ ಕುದ್ರುಗಳಿಗೆ ಆ ಭಾಗ್ಯ ಬೇಡ. ಆದರೆ ನನಗೆ ಖುಷಿಯಾದದ್ದು ಅವನ ತರ್ಕ. ತಿಂದದ್ದು ಮಾಂಸದಲ್ಲಿ ಕಾಣುತ್ತದೆ ಎಂದು ಕಾಣದ ಪ್ರಾಣಿಯ ಬಗ್ಗೆ ಅರ್ಥ ಮಾಡಿಕೊಂಡಿದ್ದಾನೆ. ಅವನ ಮನೆಯ ಹಿಂದೆ ಹದಿನಾಲ್ಕು ಹಂದಿಗಳಿವೆ, ಪಕ್ಕದಲ್ಲೇ ಬಂಗುಡೆ ತಲೆಯ ಡ್ರಮ್ಮು.

ಹಿಂದಿನ ದಿನ ಕಡಿದ ಹಂದಿಯ ಬೆನ್ನಿನ ನೆಣ ಫ್ರಿಜ್‌ನಲ್ಲಿತ್ತು. ಬೆರಳಗಲದ ತುಂಡು ಕತ್ತರಿಸಿ, ಉಪ್ಪು ಸಹ ಹಾಕದೆ, ಕಾದ ಕಾವಲಿಯ ಮೇಲೆ ಇಡಲು ಹೇಳಿದೆ. ಗೂಡಿನಲ್ಲಿ ದಿನವಿಡೀ ಇರುವವನ ಮೂಗು ಈ ಪರೀಕ್ಷೆಗೆ ಆಗುವುದಿಲ್ಲ, ಅವನಿಗೆ ಏನೂ ಗೊತ್ತಾಗಲಿಲ್ಲ. ಅವನ ತಾಯಿ ಒಳಗಿನಿಂದ ಬಂದರು. ಒಂದು ಮಾತೂ ಆಡದೆ ಒಲೆ ಆರಿಸಿ, ಕಿಟಕಿ ತೆರೆದರು.