ಹೇಮಾವತಿಗೆ 95 ಗೆಲುವು, ಭದ್ರಾಗೆ 91: ಫೈನಲ್‌ನಲ್ಲಿ ಮೇಲುಗೈ ಯಾರದು?

ದಾಳ ಉರುಳಿಸಿಯೋ ಕಂಪ್ಯೂಟರ್‌ನಲ್ಲೋ ಆಡುವ ಬೇಸ್‌ಬಾಲ್ ಲೀಗ್ ಒಂದರಲ್ಲಿ ಪ್ರತಿ ತಂಡದ 162 ಪಂದ್ಯಗಳೂ ಮುಗಿದಿವೆ ಎಂದಿಟ್ಟುಕೊಳ್ಳಿ. ಹಾಸನದವರು ಕಟ್ಟಿದ ತಂಡಕ್ಕೆ ಹೇಮಾವತಿ ಎಂದು ಹೆಸರಿಡೋಣ, ಚಿಕ್ಕಮಗಳೂರಿನವರ ತಂಡಕ್ಕೆ ಭದ್ರಾ. ಎರಡೂ ಫೈನಲ್‌ಗೆ ಬಂದಿವೆ. ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. ಹೇಮಾವತಿ 95 ಗೆದ್ದು 67 ಸೋತಿದೆ. ಭದ್ರಾ 91 ಗೆದ್ದು 71 ಸೋತಿದೆ. ತಂಡಗಳೂ ಅವುಗಳ ಅಂಕಿಗಳೂ ಲೆಕ್ಕ ಬಿಡಿಸಿ ತೋರಿಸಲು ಕಟ್ಟಿಕೊಂಡವು. ಲೆಕ್ಕದ ಸೂತ್ರಗಳು ಮಾತ್ರ ಬೇಸ್‌ಬಾಲ್ ಬಲ್ಲವರು ದಿನವೂ ಬಳಸುವಂಥವು.

ಗೆಲುವಿನ ಪಟ್ಟಿ ನೋಡಿದರೆ ಹೇಮಾವತಿಯೇ ಮೇಲು. ಆದರೆ ಮಲೆನಾಡಿನಲ್ಲಿ ತೋಟ ಕೊಳ್ಳುವವರು ಒಂದು ವರ್ಷದ ಫಸಲು ನೋಡಿ ಬೆಲೆ ಕಟ್ಟುವುದಿಲ್ಲ. ಅರೇಬಿಕಾ ಗಿಡ ಒಂದು ವರ್ಷ ಹೊರೆ ಹೊತ್ತರೆ ಮರುವರ್ಷ ಬಡವಾಗುತ್ತದೆ. ರೊಬಸ್ಟಾದ್ದು ಹೂಮಳೆಯ ಆಟ; ಫೆಬ್ರವರಿ-ಮಾರ್ಚ್‌ನಲ್ಲಿ ಹೊತ್ತಿಗೆ ಸರಿಯಾಗಿ ಒಂದು ಇಂಚು ಬಿದ್ದರೆ ಸಾಧಾರಣ ತೋಟವೂ ತುಂಬಿ ನಿಲ್ಲುತ್ತದೆ. ಆದ್ದರಿಂದ ಅವರು ಗಿಡದ ಕಸುವು ನೋಡುತ್ತಾರೆ, ನೆರಳು ನೋಡುತ್ತಾರೆ, ಮಳೆಯ ಇಂಚು-ಸೆಂಟ್ ಬರೆದಿಟ್ಟ ಹಳೆಯ ಪುಸ್ತಕ ತೆರೆಸುತ್ತಾರೆ. ಬೇಸ್‌ಬಾಲ್‌ನಲ್ಲಿ ಗೆಲುವು ಎಂದರೆ ಫಸಲು. ಗಿಡದ ಕಸುವು ಕಾಣುವುದು ರನ್‌ಗಳಲ್ಲಿ.

ಹೇಮಾವತಿ ಇಡೀ ಋತುವಿನಲ್ಲಿ ಹೊಡೆದದ್ದು 742 ರನ್, ಬಿಟ್ಟುಕೊಟ್ಟದ್ದು 690. ಭದ್ರಾ ಹೊಡೆದದ್ದು 801, ಬಿಟ್ಟುಕೊಟ್ಟದ್ದು 668. ಇದನ್ನು ಗೆಲುವಿಗೆ ತಿರುಗಿಸುವ ಸೂತ್ರವನ್ನು ಕೊಟ್ಟವರು ಬಿಲ್ ಜೇಮ್ಸ್. ಅಮೆರಿಕದ ಕ್ಯಾನ್ಸಸ್‌ನ ಡಬ್ಬಿ ಆಹಾರದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕಾವಲುಗಾರರಾಗಿದ್ದುಕೊಂಡೇ 1970ರ ದಶಕದಲ್ಲಿ ಬೇಸ್‌ಬಾಲ್ ಅಂಕಿಗಳನ್ನು ಬಗೆದು ನೋಡಲು ಕುಳಿತ ಮನುಷ್ಯ. ಹೊಡೆದ ರನ್ನಿನ ವರ್ಗವನ್ನು, ಹೊಡೆದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿ. ವರ್ಗಗಳ ಮೊತ್ತ ಬರುವುದರಿಂದ ಇದಕ್ಕೆ ಪೈಥಾಗರಸ್ ಸೂತ್ರ ಎಂದೇ ಹೆಸರು ನಿಂತಿದೆ, ತ್ರಿಕೋನಕ್ಕೂ ಇದಕ್ಕೂ ಬೇರೆ ಸಂಬಂಧವಿಲ್ಲ. ಹೇಮಾವತಿಗೆ 5,50,564 ಭಾಗಿಸು 10,26,664, ಅಂದರೆ 0.536. ಅದನ್ನು 162ರಿಂದ ಗುಣಿಸಿದರೆ 87 ಗೆಲುವು. ಭದ್ರಾಗೆ 0.590, ಅಂದರೆ 95 ಅಥವಾ 96 ಗೆಲುವು. ವರ್ಗದ ಬದಲು 1.83ನೇ ಘಾತ ಹಾಕಿದರೆ ಉತ್ತರ ಇನ್ನಷ್ಟು ನಿಖರ ಎನ್ನುತ್ತಾರೆ. ಇಲ್ಲಿ ಅದರಿಂದ ಆಗುವ ವ್ಯತ್ಯಾಸ ಸುಮಾರು ಒಂದು ಗೆಲುವು.

ಹಾಗಾದರೆ ಹೇಮಾವತಿಗೆ ಎಂಟು ಗೆಲುವು ಹೆಚ್ಚಿಗೆ ಬಂದದ್ದೆಲ್ಲಿಂದ? ಒಂದೇ ರನ್ ಅಂತರದ ಪಂದ್ಯಗಳನ್ನು ಬೇರೆ ಮಾಡಿ ಬರೆದರೆ ಗುಟ್ಟು ಹೊರಬೀಳುತ್ತದೆ. ಅಂಥ 50 ಪಂದ್ಯಗಳಲ್ಲಿ ಹೇಮಾವತಿ 33 ಗೆದ್ದಿದೆ. ಉಳಿದ 112ರಲ್ಲಿ ಅದರ ಲೆಕ್ಕ 62-50, ಅಷ್ಟೆ. ಭದ್ರಾ ಒಂದು ರನ್ನಿನ 46 ಪಂದ್ಯಗಳಲ್ಲಿ 20 ಗೆದ್ದು 26 ಸೋತಿದೆ, ಉಳಿದವುಗಳಲ್ಲಿ 71-45. ನಾಣ್ಯವನ್ನು 50 ಸಲ ಚಿಮ್ಮಿದರೆ ಸರಾಸರಿ 25 ಸಲ ತಲೆ ಬೀಳುತ್ತದೆ, ಏರಿಳಿತ ಸುಮಾರು 3.5. ಅಂದರೆ 33 ಎಂಬುದು ಅಪರೂಪವಾದರೂ ಹತ್ತಾರು ತಂಡಗಳ ಲೀಗ್‌ನಲ್ಲಿ ಆಗೀಗ ಕಾಣುವ ಅಂಕಿಯೇ.

ನಿಜವಾದ ಮೈದಾನದಲ್ಲಾದರೆ ಎದೆಗಾರಿಕೆ, ಒತ್ತಡ ತಡೆಯುವ ಗುಣ ಎಂದು ವಾದಿಸಬಹುದು. ದಾಳಕ್ಕೆ ಸ್ಕೋರ್ ಗೊತ್ತಿರುವುದಿಲ್ಲ. ಸಿಮ್ಯುಲೇಶನ್‌ನಲ್ಲಿ ಬಿಗಿ ಪಂದ್ಯ ಗೆಲ್ಲುವ ಸಾಮರ್ಥ್ಯ ಬರುವುದಾದರೆ ಎರಡು ಕಡೆಯಿಂದ ಬರಬೇಕು: ಕೊನೆಯ ಇನಿಂಗ್ಸ್‌ಗಳಲ್ಲಿ ಎಸೆಯುವ ರಿಲೀಫ್ ಪಿಚರ್‌ಗಳಿಂದ, ಇಲ್ಲವೇ ತಂಡ ನಡೆಸುವವರ ಆಟಗಾರ-ಬದಲಾವಣೆಯ ಜಾಣ್ಮೆಯಿಂದ. ಹೇಮಾವತಿಯ ಎಂಟು ಮತ್ತು ಒಂಬತ್ತನೇ ಇನಿಂಗ್ಸ್‌ನ ಪಿಚರ್‌ಗಳು ನಿಜಕ್ಕೂ ಗಟ್ಟಿಯಾಗಿದ್ದರೆ ಆ ಎಂಟರಲ್ಲಿ ಎರಡು-ಮೂರನ್ನು ಅವರ ಹೆಸರಿಗೆ ಬರೆಯಿರಿ. ಉಳಿದದ್ದು ಹೂಮಳೆ.

ಈಗ ಎರಡು ತಂಡಗಳನ್ನು ಎದುರುಬದುರು ನಿಲ್ಲಿಸಬೇಕು. ಇದಕ್ಕೂ ಜೇಮ್ಸ್ ಅವರದೇ ಒಂದು ಲೆಕ್ಕವಿದೆ. ಭದ್ರಾದ ಗೆಲ್ಲುವ ಪ್ರಮಾಣವನ್ನು ಹೇಮಾವತಿಯ ಸೋಲುವ ಪ್ರಮಾಣದಿಂದ ಗುಣಿಸಿ: 0.590 ಗುಣಿಸು 0.464, ಅಂದರೆ 0.274. ಹೇಮಾವತಿಯ ಗೆಲುವನ್ನು ಭದ್ರಾದ ಸೋಲಿನಿಂದ ಗುಣಿಸಿ: 0.536 ಗುಣಿಸು 0.410, ಅಂದರೆ 0.220. ಎರಡರ ಮೊತ್ತದಲ್ಲಿ ಮೊದಲಿನದರ ಪಾಲು 0.555. ಒಂದು ಪಂದ್ಯದಲ್ಲಿ ಭದ್ರಾ ಗೆಲ್ಲುವ ಸಾಧ್ಯತೆ ಇದು. ಏಳು ಪಂದ್ಯಗಳ ಸರಣಿಯಲ್ಲಿ ಅದು ಶೇ. 62 ಆಗುತ್ತದೆ. ರನ್ ಬಿಟ್ಟು ಬರೀ ಗೆಲುವಿನ ಪಟ್ಟಿಯಿಂದ ಇದೇ ಲೆಕ್ಕ ಹಾಕಿದ್ದರೆ ಹೇಮಾವತಿಗೆ ಶೇ. 55 ಬರುತ್ತಿತ್ತು. ಒಂದೇ ಋತು, ಒಂದೇ ಸೂತ್ರ, ಉತ್ತರ ಮಾತ್ರ ತಿರುವುಮುರುವು.

ಶೇ. 62 ಕೇಳಿ ಬೀಗುವುದೂ ಬೇಡ. ಪ್ರತಿ ಪಂದ್ಯದಲ್ಲಿ ಶೇ. 55ರಷ್ಟು ಮೇಲುಗೈ ಇರುವ ತಂಡ ಏಳು ಪಂದ್ಯಗಳ ಸರಣಿಯನ್ನು ನೂರಕ್ಕೆ 39 ಸಲ ಸೋಲುತ್ತದೆ. ಅಂಥ ತಂಡವೇ ನೂರಕ್ಕೆ 95 ಸಲ ಕಪ್ ಎತ್ತಬೇಕೆಂದರೆ ಸರಣಿಯಲ್ಲಿ ಸುಮಾರು 270 ಪಂದ್ಯ ಇರಬೇಕಾಗುತ್ತದೆ!

ಇಲ್ಲಿಂದ ಮುಂದೆ ನೋಡಬೇಕಾದದ್ದು ಆಟದ ಯಂತ್ರದ ಒಳಗನ್ನು. ಹ್ಯಾಲ್ ರಿಚ್‌ಮನ್ 1961ರಲ್ಲಿ ಹೊರತಂದ ಸ್ಟ್ರಾಟ್-ಒ-ಮ್ಯಾಟಿಕ್ ಎಂಬ ದಾಳದ ಬೇಸ್‌ಬಾಲ್ ಆಟದಲ್ಲಿ ಪ್ರತಿ ಆಟಗಾರನಿಗೂ ಒಂದು ಕಾರ್ಡ್. ಮೂರು ದಾಳ ಉರುಳಿಸುತ್ತಾರೆ. ಬೇರೆ ಬಣ್ಣದ ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್‌ನ ಕಾರ್ಡಿನಲ್ಲಿ ಆ ಅಂಕಿಯ ಕಂಬಸಾಲು ಓದಬೇಕು, 4, 5, 6 ಬಿದ್ದರೆ ಪಿಚರ್‌ನದು. ಉಳಿದೆರಡು ದಾಳಗಳ ಮೊತ್ತ ಆ ಕಂಬಸಾಲಿನಲ್ಲಿ ಯಾವ ಗೆರೆ ಎಂದು ಹೇಳುತ್ತದೆ. ಹೊಸಬರು ತಪ್ಪುವುದು ಇಲ್ಲೇ. ಕಾರ್ಡಿನಲ್ಲಿ ಹೋಮ್ ರನ್, ಅಂದರೆ ಚೆಂಡು ಬೇಲಿ ದಾಟುವ ಹೊಡೆತ, ಎಷ್ಟು ಗೆರೆಗಳಲ್ಲಿದೆ ಎಂದು ಎಣಿಸುತ್ತಾರೆ, ಆ ಗೆರೆ ಎಷ್ಟು ಸಲ ಬೀಳುತ್ತದೆ ಎಂದು ನೋಡುವುದಿಲ್ಲ. ಎರಡು ದಾಳಗಳಲ್ಲಿ 7 ಆರು ಬಗೆಯಲ್ಲಿ ಬೀಳುತ್ತದೆ, 2 ಒಂದೇ ಬಗೆಯಲ್ಲಿ. ಚೌಕಾಬಾರ ಆಡಿದವರ ಕೈಗೆ ಇದು ಮೊದಲೇ ಗೊತ್ತು: ನಾಲ್ಕು ಕವಡೆಯಲ್ಲಿ ಎರಡು ಬೀಳುವುದು ಸುಲಭ, ಚೌಕಕ್ಕೆ ಕಾಯಬೇಕು. ಒಂದು ಕಾರ್ಡಿನಲ್ಲಿ ಮೂರು ಕಂಬಸಾಲು, ಒಂದೊಂದರಲ್ಲಿ 36 ಸಾಧ್ಯತೆ, ಒಟ್ಟು 108. ಏಳನೇ ಗೆರೆಯ ಒಂದು ಹೋಮ್ ರನ್ ಎಂದರೆ 108ರಲ್ಲಿ 6. ಎರಡನೇ ಗೆರೆ, ಮೂರನೇ ಗೆರೆ ಎರಡರಲ್ಲೂ ಹೋಮ್ ರನ್ ಇರುವ ಬ್ಯಾಟರ್‌ಗೆ ಸಿಗುವುದು 3 ಮಾತ್ರ.

ಹೀಗೆ ಎಣಿಸಿದ ಸಾಧ್ಯತೆಗಳನ್ನು ರನ್‌ಗೆ ಪರಿವರ್ತಿಸಲು ಸರಾಸರಿ ಬೆಲೆಗಳಿವೆ. ವಾಕ್, ಅಂದರೆ ನಾಲ್ಕು ಕೆಟ್ಟ ಎಸೆತ ಬಿಟ್ಟು ಪುಕ್ಕಟೆಯಾಗಿ ಮೊದಲ ಬೇಸ್ ಸೇರುವುದು, ಸುಮಾರು 0.3 ರನ್‌ಗೆ ಸಮ. ಒಂದು ಬೇಸ್‌ನ ಹೊಡೆತ, ಸಿಂಗಲ್, 0.45ರ ಆಸುಪಾಸು, ಎರಡು ಬೇಸ್‌ನ ಡಬಲ್ 0.8ರ ಹತ್ತಿರ, ಹೋಮ್ ರನ್ 1.4. ಔಟ್ ಆದರೆ ಕಾಲು ರನ್ ನಷ್ಟ. ಹೋಮ್ ರನ್ ಕ್ರಿಕೆಟ್ಟಿನ ಸಿಕ್ಸರ್‌ನಂತೆ ಕಂಡರೂ ಅದಕ್ಕೆ ನಿಗದಿಯಾದ ಬೆಲೆಯಿಲ್ಲ. ಬೇಸ್‌ಗಳಲ್ಲಿ ಯಾರೂ ಇಲ್ಲದಿದ್ದರೆ ಒಂದು ರನ್, ಮೂರೂ ತುಂಬಿದ್ದರೆ ನಾಲ್ಕು. ವಾಕ್ ಅನ್ನು ಲೆಕ್ಕಕ್ಕೇ ಹಿಡಿಯದೆ, ಹಿಟ್ ಅಂದರೆ ಬೇಸ್ ಸೇರಿಸುವ ಹೊಡೆತಗಳ ಪಾಲನ್ನಷ್ಟೇ ಹೇಳುವ ಬ್ಯಾಟಿಂಗ್ ಸರಾಸರಿಯನ್ನು ನಂಬಿ ತಂಡ ಹೋಲಿಸುವುದು ನಮಗೆ ಅತ್ಯಂತ ದುಬಾರಿ ತಪ್ಪಾಗಿ ಕಾಣುತ್ತದೆ. 0.300 ಸರಾಸರಿಯ, ವಾಕ್ ತೆಗೆದುಕೊಳ್ಳದ ಬ್ಯಾಟರ್‌ಗಿಂತ 0.260 ಹೊಡೆದು ವರ್ಷಕ್ಕೆ 90 ವಾಕ್ ಪಡೆಯುವವನು ಎಷ್ಟೋ ಸಲ ಹೆಚ್ಚು ಬೆಲೆಬಾಳುತ್ತಾನೆ.

ಪಿಚರ್‌ಗಳ ವಿಷಯದಲ್ಲಿ ಕಣ್ಣಿಗೆ ಕಾಣುವ ಅಂಕಿ ಇನ್ನೂ ಮೋಸದ್ದು. 2001ರಲ್ಲಿ ಬೇಸ್‌ಬಾಲ್ ಅಂಕಿಗಳ ವಿಶ್ಲೇಷಕ ವೋರೋಸ್ ಮ್ಯಾಕ್‌ಕ್ರ್ಯಾಕೆನ್ ತೋರಿಸಿಕೊಟ್ಟದ್ದೇನೆಂದರೆ, ಬ್ಯಾಟಿಗೆ ತಗುಲಿ ಮೈದಾನದೊಳಗೇ ಬೀಳುವ ಚೆಂಡಿನ ಮೇಲೆ ಪಿಚರ್‌ನ ಹಿಡಿತ ತೀರಾ ಕಡಿಮೆ. ಅಂಥ ಹತ್ತರಲ್ಲಿ ಸುಮಾರು ಮೂರು ಹಿಟ್ ಆಗುತ್ತವೆ, ಎಸೆದವರು ಯಾರೇ ಇರಲಿ. ಪಿಚರ್‌ನ ಕೈಯಲ್ಲಿರುವುದು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ವಾಕ್, ಹೋಮ್ ರನ್. ಆದ್ದರಿಂದ ಹೋಮ್ ರನ್‌ಗಳನ್ನು 13ರಿಂದ, ವಾಕ್ ಮತ್ತು ಮೈಗೆ ಬಡಿದ ಎಸೆತಗಳನ್ನು 3ರಿಂದ ಗುಣಿಸಿ ಕೂಡಿಸಿ. ಸ್ಟ್ರೈಕ್‌ಔಟ್‌ಗಳನ್ನು 2ರಿಂದ ಗುಣಿಸಿ ಕಳೆಯಿರಿ. ಎಸೆದ ಇನಿಂಗ್ಸ್‌ಗಳಿಂದ ಭಾಗಿಸಿ. 200 ಇನಿಂಗ್ಸ್, 14 ಹೋಮ್ ರನ್, 75 ವಾಕ್, 140 ಸ್ಟ್ರೈಕ್‌ಔಟ್ ಇರುವವನಿಗೆ 0.64. ಅಷ್ಟೇ ಇನಿಂಗ್ಸ್‌ನಲ್ಲಿ 24 ಹೋಮ್ ರನ್, 50 ವಾಕ್, 200 ಸ್ಟ್ರೈಕ್‌ಔಟ್ ಇರುವವನಿಗೆ 0.31. ಇದಕ್ಕೆ 3.1ರ ಸುಮಾರಿನ ಒಂದು ಸ್ಥಿರಾಂಕ ಕೂಡಿಸುವುದು ರೂಢಿ. ನಿಮ್ಮ ಲೀಗ್‌ನಲ್ಲಿ ಅದನ್ನು ಕಣ್ಣುಮುಚ್ಚಿ ಹಾಕಬೇಡಿ. ಇಡೀ ಲೀಗ್‌ಗೆ ಇದೇ ಲೆಕ್ಕ ಮಾಡಿ, ಲೀಗ್‌ನಲ್ಲಿ ಒಂಬತ್ತು ಇನಿಂಗ್ಸ್‌ಗೆ ಪಿಚರ್‌ಗಳು ಕೊಟ್ಟ ರನ್‌ಗಳ ಸರಾಸರಿಯಿಂದ ಕಳೆದರೆ ನಿಮ್ಮದೇ ಸ್ಥಿರಾಂಕ ಸಿಗುತ್ತದೆ. ಹೋಮ್ ರನ್ ಬಿಟ್ಟುಕೊಡುವವನನ್ನು ಕೈಬಿಡಬೇಕೆಂದು ಮೇಲ್ನೋಟಕ್ಕೆ ಅನ್ನಿಸಿದರೂ ಈ ಜೋಡಿಯಲ್ಲಿ ಕಡಿಮೆ ಅಂಕಿಯ ಎರಡನೆಯವನೇ ಮೇಲು.

ಇಷ್ಟೆಲ್ಲ ಆದ ಮೇಲೆ ಹೆಚ್ಚಿನವರು ಮರೆಯುವ ಸಂಗತಿಗೆ ಬರೋಣ. ಋತುವಿನಲ್ಲಿ ಐದು ಸ್ಟಾರ್ಟರ್‌ಗಳು, ಅಂದರೆ ಪಂದ್ಯ ಆರಂಭಿಸುವ ಪಿಚರ್‌ಗಳು, ಸರದಿಯ ಮೇಲೆ ಎಸೆಯುತ್ತಾರೆ. ಫೈನಲ್‌ನಲ್ಲಿ ನಡುವೆ ಬಿಡುವಿನ ದಿನಗಳಿರುವುದರಿಂದ ನಾಲ್ವರು ಸಾಕು. ಹೇಮಾವತಿಯ ಐದನೆಯವನು 150 ಇನಿಂಗ್ಸ್‌ನಲ್ಲಿ, ಒಂಬತ್ತು ಇನಿಂಗ್ಸ್‌ಗೆ 5.60ರಂತೆ, 93 ರನ್ ಕೊಟ್ಟಿದ್ದಾನೆ. ಉಳಿದ ನಾಲ್ವರದು 3.80. ಆ 150 ಇನಿಂಗ್ಸ್ ಅವರ ಪಾಲಿಗೆ ಹೋಗಿದ್ದರೆ 63 ರನ್‌ಗೆ ಮುಗಿಯುತ್ತಿತ್ತು. ಅಂದರೆ ಫೈನಲ್ ಆಡುವ ಹೇಮಾವತಿ 690 ಅಲ್ಲ, 660 ರನ್ ಕೊಡುವ ತಂಡ. ಭದ್ರಾದ ಐವರೂ ಸಮಸಮ ಇದ್ದಾರೆ ಎಂದರೆ ಅದಕ್ಕೆ ಈ ಲಾಭವಿಲ್ಲ. ಲೆಕ್ಕ ಮತ್ತೆ ಮಾಡಿದರೆ ಹೇಮಾವತಿ 0.536ರಿಂದ 0.558ಕ್ಕೆ ಏರುತ್ತದೆ, ಭದ್ರಾದ ಕಪ್ ಸಾಧ್ಯತೆ ಶೇ. 62ರಿಂದ 57ಕ್ಕೆ ಇಳಿಯುತ್ತದೆ. ಋತುವಿನ ನಡುವೆ ಮಾರಿದ ಆಟಗಾರರು, ಗಾಯಗೊಂಡು ಹೊರಗಿರುವವರು ಇವರ ರನ್‌ಗಳನ್ನೂ ಹೀಗೇ ಕಳೆದು ಕೂಡಿಸಬೇಕು.

ಎಡಗೈ-ಬಲಗೈ ಲೆಕ್ಕವೂ ಇಲ್ಲೇ ಬರುತ್ತದೆ. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್ ಕಷ್ಟ. ಹೇಮಾವತಿಯ ನಾಲ್ವರಲ್ಲಿ ಇಬ್ಬರು ಎಡಗೈಯವರಾಗಿದ್ದು, ಭದ್ರಾದ ಹೊಡೆತವೆಲ್ಲ ಎಡಗೈ ಬ್ಯಾಟರ್‌ಗಳಿಂದಲೇ ಬಂದಿದ್ದರೆ, 801 ಎಂಬ ಅಂಕಿ ಫೈನಲ್‌ಗೆ ಹೊಂದುವುದಿಲ್ಲ. ಎಡಗೈ ಪಿಚರ್‌ಗಳ ಎದುರು ಭದ್ರಾ ಹೊಡೆದದ್ದನ್ನೇ ಬೇರೆ ತೆಗೆದು ನೋಡಬೇಕು.

ಮೈದಾನದ ಮಾತು. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ, ಅಮೆರಿಕದ ಡೆನ್ವರ್‌ನಲ್ಲಿ ಗಾಳಿ ತೆಳುವಾಗಿದ್ದು ಚೆಂಡು ದೂರ ಹಾರುತ್ತದೆ, ಪಿಚರ್‌ನ ಎಸೆತ ಕಡಿಮೆ ತಿರುಗುತ್ತದೆ. ಒಣಗಿದ ಚೆಂಡು ಇನ್ನೂ ಪುಟಿಯುತ್ತದೆಂದು 2002ರಿಂದ ಅಲ್ಲಿ ಚೆಂಡುಗಳನ್ನು ತೇವಾಂಶದ ಕೋಣೆಯಲ್ಲಿಡುತ್ತಾರೆ. ಸಾವಿರ ಮೀಟರ್ ಆಸುಪಾಸಿನ ಚಿಕ್ಕಮಗಳೂರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 9 ಕಡಿಮೆ. ಜುಲೈನ ತೇವದ ಗಾಳಿ ಭಾರ ಎಂದು ಮೈಗೆ ಅನ್ನಿಸಿದರೂ ನೀರಾವಿಯ ಅಣು ಗಾಳಿಯ ಅಣುಗಳಿಗಿಂತ ಹಗುರ, ಒದ್ದೆ ಗಾಳಿಯೂ ತುಸು ಹಗುರವೇ. ಭದ್ರಾದ ಮೈದಾನಕ್ಕೆ ಲೀಗ್ ನಡೆಸುವವರು 1.10 ಗುಣಾಂಕ, ಅಂದರೆ ಅಲ್ಲಿ ರನ್ ಶೇ. 10 ಹೆಚ್ಚು ಎಂಬ ಅಂಕಿ, ಕೊಟ್ಟಿದ್ದಾರೆ ಎನ್ನೋಣ. ಅರ್ಧ ಪಂದ್ಯಗಳು ಮಾತ್ರ ಅಲ್ಲಿ ನಡೆಯುವುದರಿಂದ ಅದರ ಬ್ಯಾಟರ್‌ಗಳ ಅಂಕಿಯನ್ನು 1.05ರಿಂದ ಭಾಗಿಸಬೇಕು, 1.10ರಿಂದ ಅಲ್ಲ. ತಂಡದ ಮಟ್ಟದಲ್ಲಿ ಹೊಡೆದದ್ದೂ ಕೊಟ್ಟದ್ದೂ ಒಟ್ಟಿಗೇ ಉಬ್ಬುವುದರಿಂದ ಪೈಥಾಗರಸ್ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ.

ಕೊನೆಯದಾಗಿ, ಕಂಪ್ಯೂಟರ್ ಲೀಗ್ ಆದರೆ ನಿಜವಾದ ಬೇಸ್‌ಬಾಲ್‌ಗೆ ಇಲ್ಲದ ಒಂದು ಅನುಕೂಲವಿದೆ: ಫೈನಲ್ ಅನ್ನು ಸಾವಿರ ಸಲ ಆಡಿಸಿ ನೋಡಬಹುದು. ಮೊದಲು ಲೀಗ್ ಫೈಲಿನ ನಕಲು ತೆಗೆದಿಡಿ. ಸ್ಟಾರ್ಟರ್‌ಗಳ ಸರದಿಯನ್ನು ನೀವೇ ಕೈಯಿಂದ ನಿಗದಿ ಮಾಡಿ; ಇಲ್ಲದಿದ್ದರೆ ಕಂಪ್ಯೂಟರ್ ಐದನೆಯವನನ್ನೂ ಇಳಿಸಿಬಿಡಬಹುದು. ಋತುವಿನ ಕೊನೆಯ ದಿನದ ದಣಿವು ಪಿಚರ್‌ಗಳಲ್ಲಿ ಉಳಿದಿದೆಯೇ ಎಂದು ನೋಡಿ. ಪ್ರತಿ ಸಲವೂ ಉತ್ತರ ಯಥಾವತ್ತು ಒಂದೇ ಬಂದರೆ ಯಾದೃಚ್ಛಿಕ ಸಂಖ್ಯೆಗಳ ಬೀಜ, ಅಂದರೆ ಕಂಪ್ಯೂಟರ್ ತನ್ನ ದಾಳ ಉರುಳಿಸಲು ಹಿಡಿಯುವ ಮೊದಲ ಸಂಖ್ಯೆ, ಬದಲಾಗುತ್ತಿಲ್ಲ ಎಂದರ್ಥ. ನೂರು ಸಲ ಆಡಿಸಿದರೆ ಉತ್ತರದಲ್ಲಿ ಶೇ. 10ರಷ್ಟು ಆಚೀಚೆ ಆಗಬಹುದು, ಅದು 57ನ್ನೂ 50ನ್ನೂ ಬೇರ್ಪಡಿಸಲಾರದು. ಸಾವಿರಕ್ಕೆ ಆಚೀಚೆ ಶೇ. 3, ಹತ್ತು ಸಾವಿರಕ್ಕೆ ಶೇ. 1.

ನಿಜವಾದ ಫೈನಲ್ ಮುಗಿದು, ಹೇಮಾವತಿ 4-1ರಿಂದ ಗೆದ್ದಿತು ಎನ್ನಿ. ಆ ಐದು ಪಂದ್ಯಗಳ ರನ್‌ಗಳನ್ನೂ 162ರ ಕೆಳಗೆ ಅದೇ ಪಟ್ಟಿಗೆ ಬರೆದು, ವರ್ಗ ಮಾಡಿ, ಮತ್ತೊಮ್ಮೆ ಭಾಗಿಸಿ. ಮುಂದಿನ ವರ್ಷ ಆಟಗಾರರನ್ನು ಕೊಳ್ಳಲು ಕೂರುವಾಗ ಎದುರಿಗಿರಬೇಕಾದದ್ದು ಆ 167 ಪಂದ್ಯಗಳ ಅಂಕಿ.