ಪೆಟ್ಲುಪ್ಪು, ಹಡಗು ಮತ್ತು ಒಂದು ದೇಶದ ಬಿಡುಗಡೆ

1775ರ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ, ಬ್ರಿಟಿಷರ ವಶದಲ್ಲಿದ್ದ ಬೋಸ್ಟನ್ ನಗರವನ್ನು ಮುತ್ತಿ ಕುಳಿತಿದ್ದ ಅಮೆರಿಕದ ವಸಾಹತುಗಳ ಸೈನ್ಯದಲ್ಲಿ ಮದ್ದಿನ ಉಗ್ರಾಣದ ಲೆಕ್ಕ ತೆಗೆಯಲಾಯಿತು. ಮುನ್ನೂರಕ್ಕೂ ಹೆಚ್ಚು ಪೀಪಾಯಿ ಕೋವಿಮದ್ದು ಇದೆಯೆಂದು ದಂಡನಾಯಕ ಜಾರ್ಜ್ ವಾಷಿಂಗ್ಟನ್ ನಂಬಿದ್ದರು. ಆದರೆ ಆ ಲೆಕ್ಕದಲ್ಲಿ ಆಗಲೇ ಖರ್ಚಾಗಿಹೋಗಿದ್ದ ಮದ್ದೂ ಸೇರಿಕೊಂಡಿತ್ತು. ನಿಜವಾಗಿ ಉಳಿದಿದ್ದನ್ನು ಹಂಚಿದರೆ ಒಬ್ಬ ಸೈನಿಕನ ಪಾಲಿಗೆ ಒಂಬತ್ತು ಸುತ್ತಿಗಿಂತ ಹೆಚ್ಚು ಬರುತ್ತಿರಲಿಲ್ಲ. ಸುದ್ದಿ ಕೇಳಿದ ವಾಷಿಂಗ್ಟನ್ ಅರ್ಧ ಗಂಟೆ ಒಂದು ಮಾತನ್ನೂ ಆಡಲಿಲ್ಲವೆಂದು ಅವರ ಸೇನಾಧಿಕಾರಿ ಜಾನ್ ಸಲಿವನ್ ಪತ್ರವೊಂದರಲ್ಲಿ ಬರೆದಿದ್ದಾರೆ.

ದೇಶಗಳು ಬಿಡುಗಡೆ ಪಡೆಯುವುದು ತಮ್ಮ ತೋಳ್ಬಲದಿಂದಲೋ ಹೊರಗಿನವರ ನೆರವಿನಿಂದಲೋ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಈ ಅರ್ಧ ಗಂಟೆಯ ಮೌನ. ಹೋರಾಡುವ ಮನಸ್ಸಿತ್ತು, ಜನರಿದ್ದರು, ನಾಯಕರಿದ್ದರು. ಕೋವಿಗೆ ತುಂಬಲು ಕಪ್ಪು ಪುಡಿ ಇರಲಿಲ್ಲ. ಆ ಪುಡಿ ಎಲ್ಲಿಂದ ಬಂತು, ಕೊಟ್ಟವರು ಏಕೆ ಕೊಟ್ಟರು ಎಂಬ ಜಾಡನ್ನು ಹಿಡಿದು ಹೋದರೆ, ಕಾದಾಟವನ್ನೂ ನೆರವನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂಬುದು ಮನವರಿಕೆಯಾಗುತ್ತದೆ. ತಾನಾಗಿ ಒಂದಷ್ಟು ಕಾಲ ನಿಂತು ಕಾದಿದವರ ಬಳಿಗೇ ನೆರವು ಬಂದಿತು. ಕೊಟ್ಟವರ ಲೆಕ್ಕ ಹೊಂದುವವರೆಗೆ ಮಾತ್ರ ಅದು ನಿಂತಿತು.

ಕೋವಿಮದ್ದಿನಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು. ಉಳಿದ ಕಾಲು ಪಾಲು ಇದ್ದಿಲು ಮತ್ತು ಗಂಧಕ. ಇದ್ದಿಲು ಎಲ್ಲ ಕಡೆಯೂ ಸಿಗುತ್ತದೆ, ಗಂಧಕ ಸ್ವಲ್ಪವೇ ಸಾಕು, ಕಷ್ಟವೆಲ್ಲ ಪೆಟ್ಲುಪ್ಪಿನದು. ರಸಾಯನಶಾಸ್ತ್ರದಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಎಂದು ಕರೆಯುವ ಈ ಬಿಳಿಯ ಹರಳು ಬಿಸಿಯಾದಾಗ ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುವುದರಿಂದ, ಮುಚ್ಚಿದ ನಳಿಗೆಯೊಳಗೆ ಹೊರಗಿನ ಗಾಳಿ ಸೇರದಿದ್ದರೂ ಇದ್ದಿಲು ಕ್ಷಣಾರ್ಧದಲ್ಲಿ ಉರಿದು ಬಿಸಿ ಅನಿಲವಾಗಿ ಗುಂಡನ್ನು ಹೊರಕ್ಕೆ ತಳ್ಳುತ್ತದೆ. ಇಂಥ ಉಪ್ಪಿನ ಹುಟ್ಟು ಇರುವುದು ದನದ ಕೊಟ್ಟಿಗೆಯಲ್ಲಿ. ಗಂಜಲ ಬಿದ್ದು ನೆನೆದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೆಲದ ತೇವ ಮೇಲೇರಿ ಆವಿಯಾದಂತೆಲ್ಲ ಗೋಡೆಯ ಬುಡದಲ್ಲಿ ಉಪ್ಪು ಬೆಳ್ಳಗೆ ಹೂ ಬಿಟ್ಟಂತೆ ಕಾಣಿಸಿಕೊಳ್ಳುತ್ತದೆ. ಹಳ್ಳಿಯ ಹಳೆಯ ಮಣ್ಣುಗೋಡೆಗಳನ್ನು ಬಲ್ಲವರು ಇದನ್ನು ಕಂಡಿರುತ್ತಾರೆ. ಆ ಮಣ್ಣನ್ನು ಕೆರೆದು, ನೀರಿನಲ್ಲಿ ನೆನೆಸಿ ಸೋಸಿ, ಕಟ್ಟಿಗೆಯ ಬೂದಿಯನ್ನು ಬೆರೆಸಿದರೆ, ನೈಟ್ರೇಟಿನ ಜೊತೆಗಿದ್ದ ಸುಣ್ಣದ ಅಂಶ ತಳಕ್ಕಿಳಿದು ಬೂದಿಯ ಪೊಟ್ಯಾಸಿಯಂ ಅದರ ಜಾಗಕ್ಕೆ ಬರುತ್ತದೆ. ಆ ತಿಳಿಯನ್ನು ಕುದಿಸಿ ಬತ್ತಿಸಿ ಆರಲು ಬಿಟ್ಟರೆ ಸೂಜಿಯಂಥ ಹರಳುಗಳು ಕಟ್ಟುತ್ತವೆ. ಬ್ಯಾಕ್ಟೀರಿಯಾಗಳಿಗೆ ಯುದ್ಧದ ಅವಸರ ತಿಳಿಯದು. ಅವುಗಳ ಕೆಲಸಕ್ಕೆ ತಿಂಗಳುಗಟ್ಟಲೆ ಕಾಲ ಬೇಕು, ನಡುವೆ ಮಳೆ ಬಿದ್ದರೆ ಹುಟ್ಟಿದ ಉಪ್ಪೆಲ್ಲ ಕೊಚ್ಚಿಹೋಗುತ್ತದೆ. 1775ರಲ್ಲಿಯೇ ಅಮೆರಿಕದ ಕಾಂಗ್ರೆಸ್ ಪೆಟ್ಲುಪ್ಪು ಮಾಡುವ ಬಗೆಯನ್ನು ಅಚ್ಚು ಹಾಕಿಸಿ ಜನರಿಗೆ ಹಂಚಿತು. ಆದರೂ ದೇಶದೊಳಗೆ ಸಿಕ್ಕಿದ್ದು ಒಂದು ಸೈನ್ಯದ ಅಗತ್ಯಕ್ಕೆ ಎಲ್ಲಿಯೂ ಸಾಲಲಿಲ್ಲ.

ಬ್ರಿಟಿಷರಿಗೆ ಈ ಚಿಂತೆ ಇರಲಿಲ್ಲ. ಮಳೆಗಾಲದ ಬೆನ್ನಿಗೆ ದೀರ್ಘವಾದ ಒಣಹವೆ ಬರುವ ಬಿಹಾರದ ಬಯಲಿನಲ್ಲಿ, ನೂನಿಯಾ ಜನರು ತಲೆಮಾರುಗಳಿಂದ ಊರಸುತ್ತಿನ ಮಣ್ಣು ಕೆರೆದು ಪೆಟ್ಲುಪ್ಪು ತೆಗೆಯುತ್ತಿದ್ದರು. 1757ರ ಪ್ಲಾಸಿ ಕದನದ ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿ ಆ ವ್ಯಾಪಾರದ ಏಕಸ್ವಾಮ್ಯವನ್ನು ತನ್ನದಾಗಿಸಿಕೊಂಡಿತು; ಪಾಟ್ನಾದ ಉಪ್ಪು ಗಂಗೆಯಲ್ಲಿ ಇಳಿದು ಲಂಡನ್ನಿನ ಹಡಗು ಹತ್ತಿತು. ಭಾರತದ ಮೂಲವನ್ನು ಕಳೆದುಕೊಂಡ ಫ್ರಾನ್ಸ್ ತನ್ನ ನೆಲದಲ್ಲಿಯೇ ಪೆಟ್ಲುಪ್ಪು ಬೆಳೆಯಬೇಕಾಯಿತು. 1775ರಲ್ಲಿ ಅಲ್ಲಿನ ಸರ್ಕಾರ ಮದ್ದಿನ ಆಡಳಿತವನ್ನು ಗುತ್ತಿಗೆದಾರರಿಂದ ಕಿತ್ತುಕೊಂಡು ನಾಲ್ವರು ಅಧಿಕಾರಿಗಳಿಗೆ ವಹಿಸಿತು. ಆ ನಾಲ್ವರಲ್ಲಿ ಒಬ್ಬರು, ದಹನಕ್ರಿಯೆಯಲ್ಲಿ ಆಮ್ಲಜನಕದ ಪಾತ್ರವನ್ನು ವಿವರಿಸಿ ಆಧುನಿಕ ರಸಾಯನಶಾಸ್ತ್ರಕ್ಕೆ ಬುನಾದಿ ಹಾಕಿದ ಅಂತ್ವಾನ್ ಲವಾಸಿಯೆ. ಕೆಲವೇ ವರ್ಷಗಳಲ್ಲಿ ಫ್ರೆಂಚ್ ಮದ್ದಿನ ಪ್ರಮಾಣವೂ ಗುಣವೂ ಹೆಚ್ಚಿದವು.

ಹಾಗೆಂದು ಫ್ರಾನ್ಸಿನ ದೊರೆಗೆ ಅಮೆರಿಕದ ಗಣರಾಜ್ಯದ ಮೇಲೆ ಪ್ರೀತಿಯೇನೂ ಇರಲಿಲ್ಲ. 1763ರ ಒಪ್ಪಂದದಲ್ಲಿ ಕೆನಡಾವನ್ನು ಬಿಟ್ಟುಕೊಟ್ಟ ನೋವು ಆರಿರಲಿಲ್ಲ. ಬ್ರಿಟನ್ನಿನ ಬಲ ಕುಗ್ಗಬೇಕೆಂಬುದೇ ವಿದೇಶಾಂಗ ಮಂತ್ರಿ ವರ್ಜೆನ್ ಅವರ ಗುರಿಯಾಗಿತ್ತು. 1776ರಲ್ಲಿ ನಾಟಕಕಾರ ಬೋಮಾರ್ಶೆಯ ಮುಂದಾಳತ್ವದಲ್ಲಿ, ಹೆಸರಿಗಷ್ಟೇ ವ್ಯಾಪಾರಿ ಸಂಸ್ಥೆಯಾದ ಒಂದು ಕಂಪನಿ ಹುಟ್ಟಿತು. ಫ್ರಾನ್ಸ್ ಹತ್ತು ಲಕ್ಷ ಲಿವ್ರ್ (ಆಗಿನ ಫ್ರೆಂಚ್ ಹಣ), ಸ್ಪೇನ್ ಇನ್ನು ಹತ್ತು ಲಕ್ಷ ಲಿವ್ರ್ ಗುಟ್ಟಾಗಿ ಕೊಟ್ಟವು. ಕೋವಿ, ಫಿರಂಗಿ, ಬಟ್ಟೆ, ಮದ್ದು ಅಟ್ಲಾಂಟಿಕ್ ದಾಟಿದವು. ಯುದ್ಧದ ಮೊದಲ ಎರಡೂವರೆ ವರ್ಷಗಳಲ್ಲಿ ಅಮೆರಿಕನ್ನರು ಸುಟ್ಟ ಮದ್ದಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರಗಿನಿಂದ ಬಂದದ್ದು, ಇಲ್ಲವೇ ಹೊರಗಿನ ಪೆಟ್ಲುಪ್ಪಿನಿಂದ ಮಾಡಿದ್ದು. ಆದರೆ ಬಹಿರಂಗವಾಗಿ ಕೈಹಿಡಿಯಲು ಫ್ರಾನ್ಸ್ ಕಾಯಿತು. 1777ರ ಅಕ್ಟೋಬರ್ 17ರಂದು ಸಾರಟೋಗದಲ್ಲಿ ಬ್ರಿಟಿಷ್ ದಂಡನಾಯಕ ಬರ್ಗಾಯ್ನ್‌ನ ಸೈನ್ಯ ಶರಣಾದ ಮೇಲೆ, ಈ ಬಂಡಾಯಗಾರರು ಕೈಬಿಟ್ಟುಹೋಗುವವರಲ್ಲ ಎಂಬುದು ಖಚಿತವಾದ ಮೇಲೆ, 1778ರ ಫೆಬ್ರವರಿ 6ರಂದು ಮೈತ್ರಿ ಒಪ್ಪಂದಕ್ಕೆ ಸಹಿ ಬಿದ್ದಿತು. ಫ್ರೆಂಚ್ ಮದ್ದಿಲ್ಲದೆ ಸಾರಟೋಗ ಇಲ್ಲ. ಸಾರಟೋಗವಿಲ್ಲದೆ ಫ್ರೆಂಚ್ ನೌಕಾಪಡೆಯೂ ಇಲ್ಲ.

ಆ ನೌಕಾಪಡೆ ಏನು ಮಾಡಿತೆಂಬುದನ್ನು 1781ರ ಸೆಪ್ಟೆಂಬರ್ 5ರ ಒಂದು ಮಧ್ಯಾಹ್ನದಲ್ಲಿ ಕಾಣಬಹುದು. ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್ ಬೀಡುಬಿಟ್ಟು ಸಮುದ್ರದ ಕಡೆಯಿಂದ ಬರುವ ಸಹಾಯಕ್ಕೆ ಕಾದಿದ್ದ. ಕೆರಿಬಿಯನ್ ಸಮುದ್ರದಿಂದ ಬಂದ ನೌಕಾಧಿಪತಿ ದ ಗ್ರಾಸ್‌ನ ಫ್ರೆಂಚ್ ಪಡೆ, ಹವಾನಾದಲ್ಲಿ ಎತ್ತಿದ 12 ಲಕ್ಷ ಲಿವ್ರ್ ಹಣವನ್ನೂ ಮೂರು ಸಾವಿರಕ್ಕೂ ಹೆಚ್ಚು ಸೈನಿಕರನ್ನೂ ಹೊತ್ತು ಚೆಸಾಪೀಕ್ ಕೊಲ್ಲಿಯೊಳಗೆ ಲಂಗರು ಹಾಕಿತ್ತು. ಬ್ರಿಟಿಷ್ ಹಡಗುಗಳು ಕಣ್ಣಿಗೆ ಬಿದ್ದಾಗ ಫ್ರೆಂಚರು ಉಬ್ಬರ ಇಳಿಯುವವರೆಗೆ ಕಾದು, ಸಾಲು ಸರಿಯಾಗಿ ಕಟ್ಟದೆಯೇ ಹೊರಬಂದರು. ಫ್ರೆಂಚರದು 24 ಯುದ್ಧನೌಕೆ, ಬ್ರಿಟಿಷರದು 19. ಕಾದಾಟ ಕೆಲವೇ ಗಂಟೆಗಳದು, ಆ ದಿನ ಒಂದು ಹಡಗೂ ಮುಳುಗಲಿಲ್ಲ. ಆದರೆ ಹಾನಿಗೊಂಡ ಬ್ರಿಟಿಷ್ ಪಡೆ ಕೆಲವು ದಿನಗಳ ನಂತರ ನ್ಯೂಯಾರ್ಕಿಗೆ ಮರಳಿತು, ಕೊಲ್ಲಿಯ ಬಾಯಿ ಫ್ರೆಂಚರ ವಶದಲ್ಲಿಯೇ ಉಳಿಯಿತು. ಅಕ್ಟೋಬರ್ 19ರಂದು ಏಳು ಸಾವಿರಕ್ಕೂ ಹೆಚ್ಚು ಸೈನಿಕರೊಡನೆ ಕಾರ್ನ್‌ವಾಲಿಸ್ ಶರಣಾದ.

ಈ ಮೈತ್ರಿಯ ಬಿಸಿ ನಮ್ಮ ಕರಾವಳಿಯನ್ನೂ ಮುಟ್ಟಿತ್ತು. ಫ್ರಾನ್ಸ್ ಯುದ್ಧಕ್ಕಿಳಿದೊಡನೆ ಬ್ರಿಟಿಷರು ಭಾರತದ ಫ್ರೆಂಚ್ ನೆಲೆಗಳ ಮೇಲೆ ಬಿದ್ದರು: 1778ರಲ್ಲಿ ಪುದುಚೇರಿ, 1779ರಲ್ಲಿ ಮಾಹೆ. ಮೈಸೂರಿಗೆ ಫ್ರೆಂಚ್ ಆಯುಧ ಬರುತ್ತಿದ್ದ ಬಾಗಿಲು ಮಾಹೆ. ಅದರ ರಕ್ಷಣೆಗೆ ನಿಂತಿದ್ದ ಹೈದರಾಲಿ 1780ರಲ್ಲಿ ಕರ್ನಾಟಿಕ್ ಪ್ರಾಂತ್ಯದ (ಇಂದಿನ ತಮಿಳುನಾಡಿನ ಕಡೆಯ ಸೀಮೆ) ಮೇಲೆ ದಂಡೆತ್ತಿಹೋಗಲು ಅದರ ಪತನವೂ ಒಂದು ಕಾರಣ. ಅದೇ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಬ್ರಿಟಿಷ್ ಅಧಿಕಾರಿ ಬೈಲಿಯ ಪಡೆ ನಾಶವಾಯಿತು. ಪೆನ್ಸಿಲ್ವೇನಿಯಾ ಪ್ರಾಂತ್ಯ ತನ್ನ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರನ್ನೇ ಇಟ್ಟಿತು. 1782ರ ಏಪ್ರಿಲ್‌ನಲ್ಲಿ ಅದು ಡೆಲಾವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿಯಿತು. ಅಮೆರಿಕಕ್ಕೂ ಮೈಸೂರಿಗೂ ಶತ್ರು ಒಬ್ಬನೇ, ನೆರವಿಗೆ ನಿಂತವನೂ ಒಬ್ಬನೇ. ಆದರೆ ಫಲ ಬೇರೆಯಾಯಿತು.

ಅಮೆರಿಕನ್ನರು 1782ರ ನವೆಂಬರ್ 30ರಂದು, ಫ್ರಾನ್ಸಿಗೆ ಮುಂಚಿತವಾಗಿ ತಿಳಿಸದೆ ಬ್ರಿಟನ್ನಿನೊಡನೆ ಪ್ರಾಥಮಿಕ ಒಪ್ಪಂದ ಮಾಡಿಕೊಂಡರು. ನೆರವು ಕೊಟ್ಟವರ ಲೆಕ್ಕವನ್ನು ಅವರು ಚೆನ್ನಾಗಿ ಓದಿದ್ದರೆಂದೇ ನಾನು ಭಾವಿಸುತ್ತೇನೆ. ಮೈಸೂರಿಗೆ ಆ ಅವಕಾಶ ಸಿಗಲಿಲ್ಲ. ಫ್ರಾನ್ಸ್ ಮತ್ತು ಬ್ರಿಟನ್ ಶಾಂತಿಗೆ ಒಪ್ಪಿದ ಸುದ್ದಿ 1783ರ ನಡುವಿನಲ್ಲಿ ಇಲ್ಲಿಗೆ ತಲುಪಿದಾಗ, ಮಂಗಳೂರಿನ ಕೋಟೆಯನ್ನು ಮುತ್ತಿದ್ದ ಟಿಪ್ಪುವಿನ ಪಾಳೆಯದಿಂದ ಫ್ರೆಂಚ್ ತುಕಡಿ ಹಿಂದೆ ಸರಿಯಿತು. ಒಬ್ಬಂಟಿಯಾಗಿ ಮುತ್ತಿಗೆ ಮುಂದುವರಿಸಿದ ಟಿಪ್ಪು, ಕೋಟೆ ವಶವಾದ ಮೇಲೆ 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಮಾಡಿಕೊಂಡ.

ಮುಂದಿನ ಯುದ್ಧಕ್ಕೆ ಸಹಾಯ ಕೇಳಲು ಅವನು ಕಳಿಸಿದ ರಾಯಭಾರಿಗಳನ್ನು 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೆಯ ಲೂಯಿ ಸಡಗರದಿಂದ ಬರಮಾಡಿಕೊಂಡ. ಆದರೆ ಅಮೆರಿಕದ ಯುದ್ಧಕ್ಕೆ ನೂರು ಕೋಟಿ ಲಿವ್ರ್‌ಗೂ ಹೆಚ್ಚು ಸುರಿದಿದ್ದ ಬೊಕ್ಕಸ ಬರಿದಾಗಿತ್ತು. ಆರೇ ದಿನಗಳ ನಂತರ ಫ್ರೆಂಚ್ ಸರ್ಕಾರ ಹಣಪಾವತಿಯನ್ನೇ ನಿಲ್ಲಿಸಿತು. ರಾಯಭಾರಿಗಳ ಜೊತೆ ಶ್ರೀರಂಗಪಟ್ಟಣಕ್ಕೆ ಕುಶಲಕರ್ಮಿಗಳು ಬಂದರು, ಸೈನ್ಯ ಬರಲಿಲ್ಲ. 1792ರಲ್ಲಿ ಕೋಟೆಯ ಎದುರು ಬಂದು ನಿಂತು, ಅರ್ಧ ರಾಜ್ಯವನ್ನೂ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದವನು, ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದ ಅದೇ ಕಾರ್ನ್‌ವಾಲಿಸ್.